ಫ್ಲ್ಯಾಶ್ ಹಾಕಿದರೆ ಮುಖ ಬಿಳಿ, ಹಿಂದೆ ಕತ್ತಲೆ. ಎಲ್ಲಿಂದ ಕಲಿಯಲಿ?

ಕಾಳಿ ದಂಡೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಕ್ಯಾಮೆರಾ ತಗೊಂಡು ಒಂದೂವರೆ ವರ್ಷ ಆಯಿತು. ಹಗಲು ಬೆಳಕಲ್ಲಿ ಕೈ ಸ್ವಲ್ಪ ಕುದುರಿದೆ. ಬೈತಖೋಲದ ಬೋಟು, ಟ್ಯಾಗೋರ್ ಬೀಚಿನ ಸಂಜೆ, ಮಳೆಗಾಲದಲ್ಲಿ ತುಂಬಿ ಹರಿಯುವ ಕಾಳಿ, ಇವನ್ನೆಲ್ಲ ತೆಗೆದು ಮನೆಯವರಿಗೆ ತೋರಿಸಿದ್ದೇನೆ. ಹೋದ ತಿಂಗಳು ಮೊದಲ ಸಲ ಫ್ಲ್ಯಾಶ್ ತಗೊಂಡೆ. ಕ್ಯಾಮೆರಾ ತಲೆ ಮೇಲೆ ಕೂರಿಸುವಂಥದ್ದು. ಫ್ಲ್ಯಾಶ್‌ನ ತಲೆ ಮೇಲೆ ಕೆಳಗೆ, ಆಚೆ ಈಚೆ ತಿರುಗುತ್ತದೆ. ಟಿಟಿಎಲ್ (ಎಷ್ಟು ಬೆಳಕು ಬೇಕು ಅಂತ ಕ್ಯಾಮೆರಾನೇ ಅಳೆಯುವುದು) ಇದೆ, ಮ್ಯಾನುಯಲ್ (ನಾವೇ ಇಡುವುದು) ಕೂಡ ಇದೆ.

ಮೊನ್ನೆ ಅಂಕೋಲಾದಲ್ಲಿ ಅತ್ತೆ ಮಗಳ ನಿಶ್ಚಿತಾರ್ಥ. ಸಂಜೆ ಏಳರ ಮೇಲೆ, ಮನೆ ಒಳಗೇ. "ನೀನೇ ಫೋಟೋ ತೆಗೆ, ಬೇರೆಯವರನ್ನು ಕರೆಯೋದು ಬೇಡ" ಅಂದರು ಅತ್ತೆ. ಸುಮಾರು ಇನ್ನೂರು ಫೋಟೋ ತೆಗೆದೆ. ರಾತ್ರಿ ಕೂತು ನೋಡಿದಾಗ ತುಂಬ ಬೇಜಾರಾಯಿತು. ಮುಖಕ್ಕೆಲ್ಲ ಅಕ್ಕಿ ಹಿಟ್ಟು ಬಳಿದ ಹಾಗೆ ಬಿಳಿ. ಹಿಂದೆ ಜಗಲಿಯಲ್ಲಿ ಕೂತ ಹದಿನೈದು ಜನ ಕತ್ತಲೆಯಲ್ಲಿ ಮಾಯ. ಗೋಡೆಗೆ ಒರಗಿ ನಿಂತವರ ಪಕ್ಕದಲ್ಲಿ ಕರಿ ನೆರಳು, ಅಂಚು ಕತ್ತರಿಸಿದ ಹಾಗೆ. ಅಜ್ಜಿಯ ಹಣೆ, ಮೂಗಿನ ತುದಿ ಮಿರಮಿರ. ಅಜ್ಜಿಗೆ ಈಗ 82. ಆ ಫೋಟೋ ಒಂದಾದರೂ ಚೆನ್ನಾಗಿ ಬರಬೇಕಿತ್ತು.

ಮೋಡ್ ಮ್ಯಾನುಯಲ್. ಶಟರ್ 1/200 ಸೆಕೆಂಡು, ಎಫ್ 8 (ಲೆನ್ಸಿನ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು), ಐಎಸ್ಓ 100 (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ). ಫ್ಲ್ಯಾಶ್ ಟಿಟಿಎಲ್‌ನಲ್ಲಿ, ನೇರ ಮುಂದಕ್ಕೆ. ಮಕ್ಕಳು ಓಡಾಡುತ್ತಿದ್ದರು ಅಂತ ನಡುವೆ 1/500ಕ್ಕೆ ಏರಿಸಿದೆ. ಆ ಫೋಟೋಗಳಲ್ಲಿ ಒಂದು ಕಡೆ ಪೂರ್ತಿ ಕಪ್ಪು ಪಟ್ಟಿ ಬಂದಿದೆ. ಫ್ಲ್ಯಾಶ್ ಹಾಳಾಗಿದೆಯಾ?

ಮುಂದಿನ ತಿಂಗಳು ಮದುವೆ. ಫೋಟೋಗ್ರಾಫರ್ ಬೇರೆ ಬರುತ್ತಾರೆ. ಆದರೆ ಮನೆಯವರ ಫೋಟೋ ನಾನೇ ತೆಗೆಯಬೇಕು ಅಂತ ಆಸೆ. ನಾಲ್ಕು ವಾರ ಇದೆ. ಎಲ್ಲಿಂದ ಶುರು ಮಾಡಲಿ?


ಚಪ್ಪರದ ಬೆಳಕು (ಕುಮಟಾ)

ಫ್ಲ್ಯಾಶ್ ಹಾಳಾಗಿಲ್ಲ, ಹೆದರಬೇಡಿ.

ಮೊದಲು ಆ ಕಪ್ಪು ಪಟ್ಟಿ. ಶಟರ್ ಅಂದರೆ ಎರಡು ಪರದೆ. ಒಂದು ತೆರೆದುಕೊಂಡು ಹೋಗುತ್ತದೆ, ಇನ್ನೊಂದು ಹಿಂದೆಯೇ ಮುಚ್ಚಿಕೊಂಡು ಬರುತ್ತದೆ. 1/200ರವರೆಗೆ, ಕೆಲವು ಕ್ಯಾಮೆರಾಗಳಲ್ಲಿ 1/250ರವರೆಗೆ, ಇಡೀ ಸೆನ್ಸರ್ ಒಮ್ಮೆ ಪೂರ್ತಿ ತೆರೆದಿರುವ ಒಂದು ಗಳಿಗೆ ಸಿಗುತ್ತದೆ. ಫ್ಲ್ಯಾಶ್ ಆಗಲೇ ಹೊಡೆಯಬೇಕು. ಇದಕ್ಕೆ ಸಿಂಕ್ ಸ್ಪೀಡ್ ಅಂತಾರೆ. 1/500ಕ್ಕೆ ಹೋದರೆ ಮೊದಲ ಪರದೆ ದಾಟುವ ಮುಂಚೆಯೇ ಎರಡನೆಯದು ಹೊರಟುಬಿಟ್ಟಿರುತ್ತದೆ. ಅದು ಮುಚ್ಚಿದ ಭಾಗವೇ ನಿಮ್ಮ ಪಟ್ಟಿ. ಮನೆ ಒಳಗೆ 1/200 ದಾಟುವ ಅಗತ್ಯವೇ ಇಲ್ಲ.

ಈಗ ಕತ್ತಲೆ. ಫ್ಲ್ಯಾಶ್ ಹಾಕಿದ ಪ್ರತಿ ಫೋಟೋದಲ್ಲೂ ಎರಡು ಫೋಟೋ ಇವೆ ಅಂತ ತಿಳಿದುಕೊಳ್ಳಿ. ಒಂದು ಕೋಣೆಯ ಬೆಳಕಿನದು, ಒಂದು ಫ್ಲ್ಯಾಶ್‌ನದು. ಫ್ಲ್ಯಾಶ್ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ ಮಿಂಚಿ ಮುಗಿದುಹೋಗುತ್ತದೆ, ಪವರ್ ಇಳಿಸಿದರೆ ಇನ್ನೂ ಬೇಗ. ಹಾಗಾಗಿ ಶಟರ್ ಎಷ್ಟು ಹೊತ್ತು ತೆರೆದಿದೆ ಅನ್ನುವುದು ಅದಕ್ಕೆ ಲೆಕ್ಕಕ್ಕಿಲ್ಲ. ಕೋಣೆಯ ಟ್ಯೂಬ್‌ಲೈಟಿಗೆ ಮಾತ್ರ ಲೆಕ್ಕ. ನೀವು 1/200, ಎಫ್ 8, ಐಎಸ್ಓ 100 ಇಟ್ಟಾಗ ಕೋಣೆಯ ಫೋಟೋ ಪೂರ್ತಿ ಕಪ್ಪು. ನಂಬಿಕೆ ಬರದಿದ್ದರೆ ಅದೇ ಸೆಟ್ಟಿಂಗ್‌ನಲ್ಲಿ ಫ್ಲ್ಯಾಶ್ ಆರಿಸಿ ಒಂದು ತೆಗೆದು ನೋಡಿ.

ನಾನು ಮನೆ ಒಳಗಿನ ಕಾರ್ಯಕ್ರಮಕ್ಕೆ ಹೋದ ಕೂಡಲೇ ಫ್ಲ್ಯಾಶ್ ಆರಿಸಿ ಕೋಣೆಯನ್ನು ತೆಗೆಯುತ್ತೇನೆ. 1/60, ಎಫ್ 4, ಐಎಸ್ಓ 800ರಿಂದ ಶುರು. ಕೋಣೆ ಸ್ವಲ್ಪ ಮಬ್ಬಾಗಿ ಕಾಣಬೇಕು, ಆದರೆ ಹಿಂದೆ ಕೂತವರ ಗುರುತು ಸಿಗಬೇಕು. ಅದು ಸರಿಯಾದ ಮೇಲೆ ಫ್ಲ್ಯಾಶ್ ಹಚ್ಚುತ್ತೇನೆ. ಮುಂದಿನವರ ಮುಖಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ.


ಹಳೆ ಸ್ಟುಡಿಯೋ (ಶಿರಸಿ)

ತಮಾ, ಕುಮಟಾದವರು ಹೇಳಿದ್ದು ಸರಿ. ನಾನು ಅದರ ಹಿಂದಿನ ಪಾಠ ಹೇಳುತ್ತೇನೆ. ಶಿರಸಿಯಲ್ಲಿ ರೀಲ್ ಕಾಲದಿಂದ ಫೋಟೋ ತೆಗೆದವನು ನಾನು. ಒಂದು ರೀಲಿಗೆ 36 ಫೋಟೋ. ತೊಳೆದು ಬರುವವರೆಗೆ ಹೇಗೆ ಬಂದಿದೆ ಅಂತ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಲೆಕ್ಕ ಬಾಯಿಗೆ ಬರಲೇಬೇಕಿತ್ತು. ನನಗೆ ಕೆಲಸ ಕಲಿಸಿದವರು ಅದಕ್ಕೂ ಹಿಂದಿನವರು, ಬಲ್ಬು ಹಾಕುತ್ತಿದ್ದ ಕಾಲದವರು. ಒಂದು ಫೋಟೋಗೆ ಒಂದು ಬಲ್ಬು. ಒಮ್ಮೆ ಮಿಂಚಿದರೆ ಅದರ ಕಥೆ ಮುಗಿಯಿತು. ಸುಮ್ನೆ ಹೊಡೆಯುವ ಹಾಗೇ ಇರಲಿಲ್ಲ.

ಫ್ಲ್ಯಾಶ್ ಡಬ್ಬಿ ಮೇಲೆ ಗೈಡ್ ನಂಬರ್ ಅಂತ ಒಂದು ಅಂಕಿ ಇರುತ್ತದೆ. ಐಎಸ್ಓ 100ರಲ್ಲಿ, ಮೀಟರ್ ಲೆಕ್ಕದಲ್ಲಿ. ಆ ಅಂಕಿಯನ್ನು ದೂರದಿಂದ ಭಾಗಿಸಿದರೆ ಎಫ್ ನಂಬರ್ ಸಿಗುತ್ತದೆ. 32 ಇದೆ ಅಂತ ಇಟ್ಟುಕೋ. 4 ಮೀಟರ್ ದೂರಕ್ಕೆ ಎಫ್ 8. 2 ಮೀಟರಿಗೆ ಎಫ್ 16. ಐಎಸ್ಓ 400 ಮಾಡಿದರೆ ಗೈಡ್ ನಂಬರ್ ಎರಡರಷ್ಟು. ಪವರ್ 1/4ಕ್ಕೆ ಇಳಿಸಿದರೆ ಅರ್ಧ. ಇಷ್ಟೇ ಲೆಕ್ಕ. ಈಗಿನ ಡಬ್ಬಿಗಳ ಮೇಲೆ 60 ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಫ್ಲ್ಯಾಶ್ ತಲೆಯನ್ನು 200 ಎಂಎಂಗೆ ಜೂಮ್ ಮಾಡಿದಾಗಿನ ಮಾತು. ಅಗಲ ಲೆನ್ಸಿಗೆ ಇಟ್ಟರೆ ಅದಕ್ಕಿಂತ ಎಷ್ಟೋ ಕಡಿಮೆ.

ಟಿಟಿಎಲ್ ಇರುವಾಗ ಇದು ಯಾಕೆ ಅಂತ ಕೇಳಬಹುದು. ಈ ಲೆಕ್ಕದ ಒಳಗೆ ಒಂದು ಸತ್ಯ ಇದೆ. ದೂರ ಎರಡರಷ್ಟಾದರೆ ಬೆಳಕು ಅರ್ಧ ಅಲ್ಲ, ಕಾಲು ಭಾಗ. ನಿನ್ನ ಅಜ್ಜಿ 1 ಮೀಟರ್ ದೂರದಲ್ಲಿ, ಜಗಲಿಯಲ್ಲಿ ಕೂತವರು 4 ಮೀಟರ್ ದೂರದಲ್ಲಿ ಇದ್ದರೆ, ಅವರಿಗೆ ಸಿಗುವುದು ಅಜ್ಜಿಗೆ ಸಿಕ್ಕ ಬೆಳಕಿನ 16ರಲ್ಲಿ ಒಂದು ಭಾಗ. ಕತ್ತಲೆ ಆಗದೆ ಇನ್ನೇನಾಗುತ್ತದೆ? ಎರಡು ಸಾಲಿನ ಗುಂಪು ತೆಗೆಯುವಾಗ ಹತ್ತಿರ ನಿಲ್ಲಬೇಡ. ಹಿಂದೆ ಸರಿದು ಜೂಮ್ ಮಾಡು. ಮುಂದಿನ ಸಾಲು 1 ಮೀಟರ್, ಹಿಂದಿನದು 2 ಮೀಟರ್ ಇದ್ದರೆ ನಾಲ್ಕು ಪಟ್ಟು ವ್ಯತ್ಯಾಸ. ಅದೇ 4 ಮತ್ತು 5 ಮೀಟರ್ ಆದರೆ ಒಂದೂವರೆ ಪಟ್ಟು ಚಿಲ್ಲರೆ ಅಷ್ಟೇ.

ನಾಳೆ ಸಂಜೆ ಒಂದು ಕೆಲಸ ಮಾಡು. ಮನೆಯಲ್ಲಿ ಹಿತ್ತಾಳೆ ತಂಬಿಗೆ ಇದೆಯಾ? ಹುಣಸೆಹಣ್ಣು ಹಾಕಿ ಚೆನ್ನಾಗಿ ಬೆಳಗು. ಮೇಜಿನ ಮೇಲೆ ಇಟ್ಟು ಫ್ಲ್ಯಾಶ್ ನೇರ ಹಾಕಿ ಒಂದು ಫೋಟೋ ತೆಗೆ. ಆಮೇಲೆ ಫ್ಲ್ಯಾಶ್ ತಲೆಯನ್ನು ಪಕ್ಕದ ಬಿಳಿ ಗೋಡೆಗೆ ತಿರುಗಿಸಿ ಇನ್ನೊಂದು. ಎರಡರಲ್ಲೂ ತಂಬಿಗೆ ಹೊಟ್ಟೆಯನ್ನು ದೊಡ್ಡದು ಮಾಡಿ ನೋಡು. ಏನು ಕಂಡಿತು ಅಂತ ಇಲ್ಲಿ ಬರೆ.


ಗಾಳಿಮರ (ಯಲ್ಲಾಪುರ)

ನನ್ನ ಅಭಿಪ್ರಾಯ ಬೇರೆ. ಹೊಸಬರಿಗೆ ಫ್ಲ್ಯಾಶ್ ಯಾಕೆ? ಈಗಿನ ಕ್ಯಾಮೆರಾದಲ್ಲಿ ಐಎಸ್ಓ 3200 ಏನೂ ತೊಂದರೆ ಇಲ್ಲ. 50 ಎಂಎಂ, ಎಫ್ 1.8 ಲೆನ್ಸ್ ಒಂದಿದ್ದರೆ ಮನೆ ಒಳಗೆ ಆರಾಮಾಗಿ ತೆಗೆಯಬಹುದು. ಇರುವ ಬೆಳಕನ್ನು ನೋಡಲು ಮೊದಲು ಕಲಿಯಲಿ.


ಚಪ್ಪರದ ಬೆಳಕು (ಕುಮಟಾ)

ಇರುವ ಬೆಳಕನ್ನು ನೋಡಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಐಎಸ್ಓ ಏರಿಸಿದರೆ ಬೆಳಕಿನ ಅಳತೆ ಮಾತ್ರ ಬದಲಾಗುತ್ತದೆ, ದಿಕ್ಕು ಬದಲಾಗುವುದಿಲ್ಲ. ನಮ್ಮ ಮನೆಗಳಲ್ಲಿ ಟ್ಯೂಬ್‌ಲೈಟ್ ಇರುವುದು ಗೋಡೆಯ ಮೇಲ್ತುದಿಯಲ್ಲಿ, ಬಲ್ಬು ನೆತ್ತಿ ಮೇಲೆ. ಅದರ ಕೆಳಗೆ ನಿಂತವರ ಕಣ್ಣು ಗುಳಿಯಲ್ಲಿ ಸೇರಿ ಕಪ್ಪಾಗುತ್ತದೆ. ಐಎಸ್ಓ 6400 ಇಟ್ಟರೂ ಆ ಗುಳಿ ಅಲ್ಲೇ ಇರುತ್ತದೆ. ನಾನು ಫ್ಲ್ಯಾಶ್ ಹಾಕುವುದು ಬೆಳಕು ಸಾಲದು ಅಂತ ಅಲ್ಲ, ಬೆಳಕು ನನಗೆ ಬೇಕಾದ ಕಡೆಯಿಂದ ಬರಲಿ ಅಂತ. ಇದು ಅರ್ಥವಾಗಲು ನನಗೆ ಮೂರು ವರ್ಷ ಹಿಡಿಯಿತು. ಕಾರವಾರದವರಿಗೆ ಇದು ಈಗಲೇ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.


ಕಾಳಿ ದಂಡೆ (ಕಾರವಾರ)

ಎಲ್ಲರಿಗೂ ಧನ್ಯವಾದ. ತಂಬಿಗೆ ಪ್ರಯೋಗ ಮಾಡಿದೆ ಅಣ್ಣಾ.

ನೇರ ಹಾಕಿದ ಫೋಟೋದಲ್ಲಿ ತಂಬಿಗೆ ಹೊಟ್ಟೆ ಮೇಲೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ, ಉರಿಯುವ ಹಾಗೆ. ಉಳಿದ ಹಿತ್ತಾಳೆ ಕಂದು, ಜೀವ ಇಲ್ಲ. ಕಂಠದ ಗೀರು ಯಾವುದೂ ಕಾಣುವುದಿಲ್ಲ. ಗೋಡೆಗೆ ತಿರುಗಿಸಿ ತೆಗೆದದ್ದರಲ್ಲಿ ಚುಕ್ಕೆಯೇ ಇಲ್ಲ. ಎಡಗಡೆ ಪೂರ್ತಿ ಒಂದು ಅಗಲದ ಬಿಳಿ ಪಟ್ಟೆ, ಅಂಚಿಗೆ ಹೋದ ಹಾಗೆ ನಿಧಾನಕ್ಕೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಬಲಗಡೆ ನೆರಳು. ತಂಬಿಗೆ ಗುಂಡಗಿದೆ ಅಂತ ಆಗ ಗೊತ್ತಾಯಿತು. ಅಜ್ಜ ಯಾವಾಗಲೋ ಕೆತ್ತಿಸಿದ ಹೆಸರಿನ ಅಕ್ಷರ ಕೂಡ ಓದಬಹುದು. ದಿನಾ ನೋಡುವ ತಂಬಿಗೆ, ಆ ಅಕ್ಷರ ಇಷ್ಟು ಸ್ಪಷ್ಟವಾಗಿ ನಾನು ಕಂಡೇ ಇರಲಿಲ್ಲ.


ಹಳೆ ಸ್ಟುಡಿಯೋ (ಶಿರಸಿ)

ಅದೇ ನೋಡು. ಆ ಪಟ್ಟೆ ಅಂದರೆ ನಿನ್ನ ಗೋಡೆ. ಫ್ಲ್ಯಾಶ್ ಬೆಳಕು ಗೋಡೆಗೆ ಬಡಿದು, ಗೋಡೆಯೇ ದೀಪವಾಗಿದೆ. ಅಂಗೈ ಅಗಲದ ದೀಪ ಈಗ ಬಾಗಿಲಷ್ಟು ದೊಡ್ಡದು. ದೀಪ ದೊಡ್ಡದಾದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ. ಅಜ್ಜಿಯ ಹಣೆ ಮೇಲೆ ಮಿರಮಿರ ಕಂಡದ್ದು ಆ ಸಾಸಿವೆ ಕಾಳೇ. ಮುಖವೂ ತಂಬಿಗೆ ಹಾಗೆ ಗುಂಡಗಿನದು ತಮಾ. ಪಕ್ಕದಿಂದ ಬೆಳಕು ಬಂದರೆ ಮುಖಕ್ಕೆ ಆಕಾರ ಬರುತ್ತದೆ, ಮುಂದಿನಿಂದ ಬಂದರೆ ತಟ್ಟೆ ಆಗುತ್ತದೆ.

ಇನ್ನು ಒಂದು ವಾರ ಇದನ್ನೇ ಮಾಡು. ಬೇರೆ ಏನೂ ಬೇಡ.


ಬೇಲೆಕೇರಿ ಗಾಳಿ (ಅಂಕೋಲಾ)

ಎಲ್ಲರೂ ಗೋಡೆ, ಸೀಲಿಂಗ್ ಅನ್ನುತ್ತೀರಿ. ನಮ್ಮದು ಹೆಂಚಿನ ಮನೆ. ಮೇಲೆ ನೋಡಿದರೆ ಹೊಗೆ ಹಿಡಿದ ಪಕಾಸಿ, ಕೆಂಪು ಹೆಂಚು. ಫ್ಲ್ಯಾಶ್ ಮೇಲೆ ತಿರುಗಿಸಿದರೆ ಬೆಳಕು ಅಲ್ಲೇ ನುಂಗಿಹೋಗುತ್ತದೆ, ಬಂದಷ್ಟೂ ಕೆಂಪಾಗಿ ಬರುತ್ತದೆ. ಜಗಲಿ ಗೋಡೆ ತಿಳಿ ಹಸಿರು. ಒಮ್ಮೆ ಅದಕ್ಕೆ ಬಡಿಸಿ ಅಮ್ಮನ ಫೋಟೋ ತೆಗೆದೆ. ಮೈ ಹುಷಾರಿಲ್ಲದವರ ಹಾಗೆ ಕಂಡರು. ನಮ್ಮಂಥ ಮನೆಗೆ ಏನು ದಾರಿ ಅಕ್ಕ?


ಚಪ್ಪರದ ಬೆಳಕು (ಕುಮಟಾ)

ಒಳ್ಳೆ ಪ್ರಶ್ನೆ ತಂಗಿ. ಈ ಜಿಲ್ಲೆಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಇದು ಎದುರಾಗುತ್ತದೆ. ಪುಸ್ತಕಗಳಲ್ಲಿ ಬಿಳಿ ಸೀಲಿಂಗಿನ ಮನೆ ಮಾತ್ರ ಇರುತ್ತದೆ. ಬೆಳಕು ಯಾವ ಬಣ್ಣಕ್ಕೆ ಬಡಿಯುತ್ತದೋ ಆ ಬಣ್ಣ ಹೊತ್ತುಕೊಂಡು ಬರುತ್ತದೆ. ಹಾಗಾಗಿ ಬಿಳಿಯನ್ನು ನಾವೇ ತಗೊಂಡು ಹೋಗಬೇಕು.

ನನ್ನ ಚೀಲದಲ್ಲಿ ಯಾವಾಗಲೂ ಒಂದು ಅಚ್ಚ ಬಿಳಿ ಪಂಚೆ ಇರುತ್ತದೆ. ಜರಿ ಅಂಚು ಇಲ್ಲದ್ದು. ಮನೆಯ ಹುಡುಗರು ಇಬ್ಬರನ್ನು ಕರೆದು, ಕೂತವರ ಎಡಗಡೆ ಒಂದೂವರೆ ಮೀಟರ್ ದೂರದಲ್ಲಿ ಆ ಪಂಚೆಯನ್ನು ಎರಡು ಮಡಿಕೆ ಮಾಡಿ ಎತ್ತಿ ಹಿಡಿಯಲು ಹೇಳುತ್ತೇನೆ. ಫ್ಲ್ಯಾಶ್ ತಲೆಯನ್ನು ಪಂಚೆಗೆ ತಿರುಗಿಸುತ್ತೇನೆ. ಐಎಸ್ಓ 800, ಎಫ್ 4, ಪವರ್ 1/4ರಿಂದ ಶುರು ಮಾಡಿ ನೋಡಿ. ಕಿಟಕಿ ಪಕ್ಕ ಕೂತ ಹಾಗೆ ಬೆಳಕು ಬರುತ್ತದೆ. ಥರ್ಮಾಕೋಲ್ ಹಲಗೆಯೂ ಆಗುತ್ತದೆ, ಆದರೆ ಬಸ್ಸಲ್ಲಿ ತಗೊಂಡು ಹೋಗುವುದು ಕಷ್ಟ.

ಚಪ್ಪರದ ವಿಷಯ ಜಾಸ್ತಿ ಹೇಳಬೇಕು, ಯಾಕೆಂದರೆ ಕಾರವಾರದವರಿಗೆ ಮದುವೆ ಇದೆ. ಅಂಗಳದಲ್ಲಿ ಅಡಿಕೆ ಕಂಬ ನೆಟ್ಟು ಕೆಂಪು, ಹಳದಿ ಬಟ್ಟೆ ಕಟ್ಟಿರುತ್ತಾರೆ. ಹಗಲು ಹನ್ನೊಂದಕ್ಕೆ ಬಿಸಿಲು ಆ ಬಟ್ಟೆಯಿಂದ ಸೋಸಿ ಬಂದು ಎಲ್ಲರ ಮುಖಕ್ಕೂ ಕುಂಕುಮ ಚೆಲ್ಲಿದ ಹಾಗೆ ಇರುತ್ತದೆ. ಇಲ್ಲಿ ಫ್ಲ್ಯಾಶ್ ಮೇಲೆ ತಿರುಗಿಸಿದರೆ ಇನ್ನೂ ಕೆಂಪು. ಇಲ್ಲಿ ಮಾತ್ರ ನಾನು ನೇರ ಹಾಕುತ್ತೇನೆ, ಮುಂದೆ ಬೆಳಕು ಹರಡುವ ಸಣ್ಣ ಬಿಳಿ ಡಿಫ್ಯೂಸರ್ ಕಟ್ಟಿ, ಕೈಯಲ್ಲಿ ಎತ್ತಿ ಹಿಡಿದು, ಮುಖದ ಕೆಂಪು ಕಳೆಯುವಷ್ಟು. ಫ್ಲ್ಯಾಶ್ ಬಣ್ಣ ಹಗಲು ಬೆಳಕಿನದೇ, ಸುಮಾರು 5500 ಕೆಲ್ವಿನ್. ಚರ್ಮದ ಬಣ್ಣ ವಾಪಸ್ ಬರುತ್ತದೆ.

ಹೋಮದ ಹೊತ್ತು ಎಚ್ಚರ. ಹೊಗೆಗೆ ಮುಂದಿನಿಂದ ಫ್ಲ್ಯಾಶ್ ಬಿದ್ದರೆ ಹೊಗೆಯೇ ಬಿಳಿ ಗೋಡೆ ಆಗಿ ವಧೂವರರನ್ನು ಮುಚ್ಚಿಬಿಡುತ್ತದೆ. ಆಗ ಫ್ಲ್ಯಾಶ್ ಆರಿಸಿ. ಬೆಂಕಿಯ ಬೆಳಕು ಸಾಕು. ಪಕ್ಕದಿಂದ ಹಾಕುವ ವ್ಯವಸ್ಥೆ ಇದ್ದರೆ ಅದೇ ಹೊಗೆ ಎಳೆ ಎಳೆಯಾಗಿ ಚಂದ ಕಾಣುತ್ತದೆ.

ಟಿಟಿಎಲ್ ಬಗ್ಗೆ ಒಂದು ಮಾತು. ಅದು ಮೊದಲು ಒಂದು ಸಣ್ಣ ಮಿಂಚು ಹೊಡೆದು, ವಾಪಸ್ ಬಂದ ಬೆಳಕನ್ನು ಅಳೆದು, ಆಮೇಲೆ ನಿಜವಾದದ್ದನ್ನು ಹೊಡೆಯುತ್ತದೆ. ಬಿಳಿ ಪಂಚೆ ಶಲ್ಯದ ಭಟ್ಟರು, ಜರಿ ಸೀರೆ, ಬಾಸಿಂಗ, ಇವೆಲ್ಲ ಬೆಳಕನ್ನು ಜೋರಾಗಿ ವಾಪಸ್ ಕಳಿಸುತ್ತವೆ. ಕ್ಯಾಮೆರಾ "ಬೆಳಕು ಜಾಸ್ತಿಯಾಯಿತು" ಅಂತ ತಿಳಿದು ಕಡಿಮೆ ಮಾಡುತ್ತದೆ, ಮುಖ ಕಪ್ಪಾಗುತ್ತದೆ. ಆಗ ಫ್ಲ್ಯಾಶ್ ಕಾಂಪೆನ್ಸೇಶನ್ (ಟಿಟಿಎಲ್ ಕೊಡುವ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಅನ್ನು ಪ್ಲಸ್ 2/3ರಿಂದ ಪ್ಲಸ್ 1ಕ್ಕೆ ಇಡಿ. ಹಿಂದೆ ಪೂರ್ತಿ ಕತ್ತಲೆ ಇದ್ದು ಒಬ್ಬರೇ ನಿಂತಿದ್ದರೆ ಉಲ್ಟಾ, ಮೈನಸ್ ಕಡೆಗೆ. ನಿಶ್ಚಿತಾರ್ಥದ ದಿನ ಆಗಿದ್ದು ಇದೇ. ಕತ್ತಲೆ ಜಗಲಿಯನ್ನು ನೋಡಿ ಟಿಟಿಎಲ್ ಜಾಸ್ತಿ ಬೆಳಕು ಸುರಿದಿದೆ.


ಇಡಗುಂಜಿ ರಸ್ತೆ (ಹೊನ್ನಾವರ)

ಚರ್ಚೆ ಚೆನ್ನಾಗಿದೆ. ಫ್ಲ್ಯಾಶ್ ಕಲಿಯುವವರಿಗೆ ನನ್ನದೊಂದು ಕೋರಿಕೆ. ಯಕ್ಷಗಾನದ ಆಟಕ್ಕೆ ಬಂದಾಗ ದಯವಿಟ್ಟು ರಂಗಸ್ಥಳಕ್ಕೆ ಫ್ಲ್ಯಾಶ್ ಹೊಡೆಯಬೇಡಿ. ವೇಷಧಾರಿ ಮಂಡಿ ಹಾಕಿ ಸುತ್ತುವಾಗ ಕಣ್ಣಿಗೆ ಒಂದು ಮಿಂಚು ಬಿದ್ದರೆ ಎರಡು ಕ್ಷಣ ಏನೂ ಕಾಣುವುದಿಲ್ಲ. ಹೆಜ್ಜೆ ತಪ್ಪಿದರೆ ಮಂಡಿಗೆ ಪೆಟ್ಟು. ನಾನು ಚಿಕ್ಕಂದಿನಿಂದ ಆಟ ನೋಡಿದವನು, ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿ) ಊರು ಇದು. ಗುಣವಂತೆಯ ಕೆರೆಮನೆ ಮೇಳ ಶುರುವಾದದ್ದು 1934ರಲ್ಲಿ. ನಮ್ಮ ಹಿರಿಯರು ಗ್ಯಾಸ್‌ಲೈಟಿನ ಬೆಳಕಲ್ಲೇ ಇಡೀ ರಾತ್ರಿ ಆಟ ನೋಡಿದರು. ಈಗ ರಂಗಸ್ಥಳದಲ್ಲಿ ಬೇಕಾದಷ್ಟು ಬೆಳಕಿದೆ. ಐಎಸ್ಓ 3200, 1/250, ಎಫ್ 2.8 ಸಾಕು. ಚಿನ್ನದ ಬಣ್ಣದ ಕಿರೀಟ, ಭುಜಕೀರ್ತಿಗೆ ನೇರ ಫ್ಲ್ಯಾಶ್ ಬಿದ್ದರೆ ಫೋಟೋನೂ ಕೆಡುತ್ತದೆ, ಬರೀ ಬಿಳಿ ಚುಕ್ಕೆ.

ಚೌಕಿಯಲ್ಲಿ ಬಣ್ಣ ಹಚ್ಚುವಾಗ ತೆಗೆಯುವುದಾದರೆ ಮೊದಲು ಕೇಳಿ. ಕನ್ನಡಿ ಮುಂದಿನ ಬಲ್ಬಿನ ಬೆಳಕು ಅವರ ಕೆಲಸಕ್ಕೆ ಹೇಗೆ ಸಾಕೋ ನಿಮಗೂ ಹಾಗೇ ಸಾಕು.


ಗಾಳಿಮರ (ಯಲ್ಲಾಪುರ)

ಇದನ್ನು ಪೂರ್ತಿ ಒಪ್ಪುತ್ತೇನೆ. ಪಂಚೆಯ ಮಾತು ಓದಿ ನಾನೂ ನಮ್ಮ ಮನೆಯಲ್ಲಿ ಪ್ರಯತ್ನ ಮಾಡಿದೆ. ಕಣ್ಣಿನ ಗುಳಿ ಹೋಯಿತು. ಹಿಂದೆ ಬರೆದದ್ದನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ.


ಮಳೆಗಪ್ಪೆ (ಸಿದ್ದಾಪುರ)

ನಾನು ಮನುಷ್ಯರ ಫೋಟೋ ತೆಗೆಯುವುದು ಕಡಿಮೆ. ಮಳೆಗಾಲದ ರಾತ್ರಿ ಕಪ್ಪೆ, ಹುಳ, ಅಣಬೆ ತೆಗೆಯುತ್ತೇನೆ. ಅಲ್ಲಿ ಫ್ಲ್ಯಾಶ್ ಇಲ್ಲದೆ ಕೆಲಸವೇ ನಡೆಯುವುದಿಲ್ಲ. ಮ್ಯಾಕ್ರೋದಲ್ಲಿ (ತೀರ ಹತ್ತಿರದಿಂದ ತೆಗೆಯುವಾಗ) ಫೋಕಸ್ ಆಗುವ ಜಾಗ ಕೂದಲೆಳೆಯಷ್ಟು. ಹಾಗಾಗಿ ಎಫ್ 11 ಬೇಕು. ಅಷ್ಟು ಕಿರಿದು ಮಾಡಿದರೆ ಕಾಡಿನ ಕತ್ತಲೆಯಲ್ಲಿ ಏನೂ ಉಳಿಯುವುದಿಲ್ಲ. 1/200, ಎಫ್ 11, ಐಎಸ್ಓ 200, ಫ್ಲ್ಯಾಶ್ 1/16. ಮಿಂಚು ತುಂಬ ಚಿಕ್ಕದಾದ್ದರಿಂದ ಕೈ ನಡುಗಿದರೂ ಫೋಟೋ ಅಲುಗುವುದಿಲ್ಲ.

ಒದ್ದೆ ಕಪ್ಪೆ ಅಂದರೆ ಹಿರಿಯರು ಹೇಳಿದ ಬೆಳಗಿದ ತಂಬಿಗೆಯೇ. ಬರೀ ಫ್ಲ್ಯಾಶ್ ಬಿದ್ದರೆ ಮೈತುಂಬ ಬಿಳಿ ಚುಕ್ಕೆ. ನಾನು ಬಿಳಿ ಪ್ಲಾಸ್ಟಿಕ್ಕಿನ ಅರ್ಧ ಲೀಟರ್ ಮೊಸರಿನ ಡಬ್ಬಿ ತಗೊಂಡು ತಳ ಕತ್ತರಿಸಿ, ಒಳಗೆ ಎರಡು ಪದರ ಬಟರ್ ಪೇಪರ್ ಅಂಟಿಸಿ, ಫ್ಲ್ಯಾಶ್ ತಲೆಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದೇನೆ. ಅದರ ತುದಿ ಲೆನ್ಸಿನ ಮುಂದೆ ಬಾಗಿ ಕಪ್ಪೆಯ ನೆತ್ತಿ ಮೇಲೆ ಬರಬೇಕು. ಹತ್ತಿರ ಇದ್ದಷ್ಟೂ ಬೆಳಕು ಮೆತ್ತಗೆ.

ಕತ್ತಲೆಕಾನಿನ ಕಡೆ ಕುಂಬಾರ ಕಪ್ಪೆ ಇದೆ. 2014ರಲ್ಲಿ ಹೊಸ ಪ್ರಭೇದ ಅಂತ ದಾಖಲಾಯಿತು. ಗಂಡು ಕಪ್ಪೆ ಮೊಟ್ಟೆಗಳಿಗೆ ಕೈಯಿಂದ ಮಣ್ಣು ಮೆತ್ತುತ್ತದೆ, ಅದಕ್ಕೇ ಆ ಹೆಸರು. ಇಂಥ ಜೀವ ಸಿಕ್ಕಾಗ ನಾನು ಎರಡೋ ಮೂರೋ ಫೋಟೋ ತೆಗೆದು ಎದ್ದು ಬರುತ್ತೇನೆ. ಮೊಟ್ಟೆ ಇಡುವಾಗಲಂತೂ ಫ್ಲ್ಯಾಶ್ ಹಾಕುವುದಿಲ್ಲ. ಗೂಬೆ, ಕಾಡುಪಾಪದ ಕಣ್ಣು ಕತ್ತಲೆಗೆ ಪೂರ್ತಿ ತೆರೆದಿರುತ್ತದೆ, ಅವಕ್ಕೂ ಬೇಡ.

ಇನ್ನೊಂದು, ಮಳೆ ಹನಿಯುವಾಗ ಕ್ಯಾಮೆರಾ ಮೇಲಿನ ಫ್ಲ್ಯಾಶ್ ಹಾಕಿದರೆ ಲೆನ್ಸ್ ಮುಂದಿನ ಹನಿಗಳೆಲ್ಲ ಬಿಳಿ ಉಂಡೆಗಳಾಗಿ ಬೀಳುತ್ತವೆ. ಫ್ಲ್ಯಾಶ್ ಹಿಂದಿನಿಂದ ಬಂದರೆ ಪ್ರತಿ ಹನಿಯೂ ಬೆಳಗುತ್ತದೆ.


ಕಾಳಿ ದಂಡೆ (ಕಾರವಾರ)

ಎರಡು ವಾರದ ವರದಿ. ಗೋಡೆ, ಪಂಚೆ ಎರಡೂ ಕೈಗೆ ಬಂದಿವೆ. ನಿನ್ನೆ ಧೈರ್ಯ ಮಾಡಿ ಟ್ಯಾಗೋರ್ ಬೀಚಿಗೆ ಹೋದೆ. ಸೂರ್ಯ ಸಮುದ್ರಕ್ಕೆ ಇಳಿಯುವಾಗ ಗೆಳೆಯನನ್ನು ನಿಲ್ಲಿಸಿ ತೆಗೆಯಬೇಕು ಅಂತ. ಫ್ಲ್ಯಾಶ್ ಇಲ್ಲದೆ ತೆಗೆದರೆ ಆಕಾಶ ಚಂದ, ಗೆಳೆಯ ಕರಿ ಬೊಂಬೆ. ಫ್ಲ್ಯಾಶ್ ಹಾಕಿದರೆ ಗೆಳೆಯ ಬಂದ, ಆದರೆ ಮುಖ ನೀಲಿ ನೀಲಿ, ಮೇಲಿಂದ ಅಂಟಿಸಿದ ಹಾಗೆ. ಫ್ಲ್ಯಾಶನ್ನು ಸ್ಟ್ಯಾಂಡಿಗೆ ಕೂರಿಸಿ, ಬೆಳಕು ಮೆತ್ತಗಾಗಲಿ ಅಂತ ಛತ್ರಿ ಹಾಕಿ ಇಟ್ಟಿದ್ದೆ, ಗಾಳಿಗೆ ಬಿತ್ತು. ಮರಳಾದ್ದರಿಂದ ಫ್ಲ್ಯಾಶ್ ಉಳಿಯಿತು.


ಬೇಲೆಕೇರಿ ಗಾಳಿ (ಅಂಕೋಲಾ)

ಬೀಚಿನದ್ದು ನನಗೆ ಗೊತ್ತು, ಸಂಜೆಯೆಲ್ಲ ಅಲ್ಲೇ ಇರುತ್ತೇನೆ. ಛತ್ರಿ ಬೇಡ ಅಣ್ಣ. ನಮ್ಮ ಗಾಳಿಗೆ ಅದು ಹಾಯಿ ಆಗುತ್ತದೆ. ಸ್ಟ್ಯಾಂಡ್ ಇಡುವುದಾದರೆ ಒಂದು ಬಟ್ಟೆ ಚೀಲಕ್ಕೆ ಅಲ್ಲಿಯದೇ ಮರಳು ತುಂಬಿ ನಡುಗಂಬಕ್ಕೆ ನೇತುಹಾಕಿ. ಅದಕ್ಕಿಂತ ಗೆಳೆಯರ ಕೈಗೆ ಫ್ಲ್ಯಾಶ್ ಕೊಡುವುದು ಒಳ್ಳೆಯದು. ಕ್ಯಾಮೆರಾ ಮೇಲೆ ರೇಡಿಯೋ ಟ್ರಿಗರ್ (ದೂರದ ಫ್ಲ್ಯಾಶನ್ನು ವೈರಿಲ್ಲದೆ ಹೊಡೆಸುವಂಥದ್ದು) ಇಟ್ಟರೆ ಸಾಕು.

ಮೊದಲು ಆಕಾಶಕ್ಕೆ ಮಾತ್ರ ಸೆಟ್ ಮಾಡಿ. ಐಎಸ್ಓ 100, 1/200 ಇಟ್ಟು, ಬಣ್ಣ ತುಂಬಿ ಬರುವವರೆಗೆ ಎಫ್ ನಂಬರ್ ಏರಿಸಿ. ಸೂರ್ಯ ಇನ್ನೂ ಮೇಲಿದ್ದರೆ ಎಫ್ 11 ದಾಟುತ್ತದೆ, ಆಗ ಫ್ಲ್ಯಾಶ್‌ಗೆ ಶಕ್ತಿ ಸಾಲುವುದಿಲ್ಲ. ಹೈ ಸ್ಪೀಡ್ ಸಿಂಕ್ (ಸಿಂಕ್ ಸ್ಪೀಡ್ ದಾಟಿದರೂ ಫ್ಲ್ಯಾಶ್ ಹೊಡೆಯುವ ವ್ಯವಸ್ಥೆ) ಇದ್ದರೂ ಅದು ಶಕ್ತಿಯನ್ನು ಇನ್ನೂ ತಿನ್ನುತ್ತದೆ. ಸೂರ್ಯ ನೀರಿಗೆ ತಾಗಿದ ಮೇಲಿನ ಹತ್ತು ನಿಮಿಷ ನಮ್ಮದು. ಆಗ ಎಫ್ 5.6ರ ಆಸುಪಾಸಿಗೆ ಬರುತ್ತದೆ. ಫ್ಲ್ಯಾಶ್ 1/4ರಲ್ಲಿ, ಮುಖದಿಂದ ಎರಡು ಮೀಟರ್ ದೂರ, ಪಕ್ಕಕ್ಕೆ, ತಲೆಗಿಂತ ಸ್ವಲ್ಪ ಮೇಲೆ.

ಮುಖ ನೀಲಿ ಆದದ್ದು ಬಣ್ಣದ ಜಗಳ. ಸಂಜೆಯ ಬೆಳಕು ಕಿತ್ತಳೆ, ಫ್ಲ್ಯಾಶ್ ಮಧ್ಯಾಹ್ನದ ಬಿಳಿ. ಫ್ಲ್ಯಾಶ್ ಮುಂದೆ ಕಿತ್ತಳೆ ಜೆಲ್ (ಬೆಳಕು ದಾಟುವ ಬಣ್ಣದ ಹಾಳೆ) ಅರ್ಧ ಗಾಢದ್ದು ಒಂದು ಅಂಟಿಸಿ. ಗೆಳೆಯನ ಮುಖವೂ ಅದೇ ಸಂಜೆಗೆ ಸೇರಿಕೊಳ್ಳುತ್ತದೆ. ದೀಪದ ಬೆಳಕಲ್ಲಿ, ಹಳದಿ ಬಲ್ಬಿನ ಮನೆಯಲ್ಲಿ ಪೂರ್ತಿ ಗಾಢದ್ದು ಬೇಕು.

ಮನೆಗೆ ಹೋದ ಕೂಡಲೇ ಫ್ಲ್ಯಾಶ್ ಒರೆಸಿ. ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆ, ಆಮೇಲೆ ಒಣ ಬಟ್ಟೆ. ಉಪ್ಪಿನ ಗಾಳಿಗೆ ಹಾಟ್ ಶೂ (ಕ್ಯಾಮೆರಾ ಮೇಲೆ ಫ್ಲ್ಯಾಶ್ ಕೂರುವ ಜಾಗ) ಪಿನ್ನುಗಳ ಮೇಲೆ ಪದರ ಕಟ್ಟುತ್ತದೆ. ನನ್ನದು ಒಮ್ಮೆ ನಾಲ್ಕಕ್ಕೆ ಒಂದು ಸಲ ಮಾತ್ರ ಹೊಡೆಯುತ್ತಿತ್ತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ, ಸರಿಹೋಯಿತು.


ಹಳೆ ಸ್ಟುಡಿಯೋ (ಶಿರಸಿ)

ತಂಗಿ ಹೇಳಿದ್ದಕ್ಕೆ ಸೇರಿಸುತ್ತೇನೆ. ಸೆಲ್ ಒಳಗೇ ಬಿಟ್ಟು ಮಳೆಗಾಲ ಕಳೆಯಬೇಡಿ. ಸೋರಿದರೆ ಫ್ಲ್ಯಾಶ್ ಹೋಯಿತು. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿ. ಬರೆದಿರುವುದು 1.2 ವೋಲ್ಟ್ ಆದರೂ ಕೆಲಸದಲ್ಲಿ ಅದೇ ಗಟ್ಟಿ, ಫ್ಲ್ಯಾಶ್ ಬೇಗ ತಯಾರಾಗುತ್ತದೆ. ನಾಲ್ಕೂ ಒಟ್ಟಿಗೆ ಕೊಂಡದ್ದೇ ಇರಬೇಕು, ಹೊಸದು ಹಳೆಯದು ಸೇರಿಸಬಾರದು. ಫುಲ್ ಪವರ್‌ನಲ್ಲಿ ಒಂದೇ ಸಮ ಹೊಡೆದರೆ ಬಿಸಿಯಾಗಿ ಸುಟ್ಟುಹೋಗುತ್ತದೆ, ಉಸಿರಾಡಲು ಬಿಡಿ. ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಚರ್ಮದ ಕೇಸಿನಲ್ಲಿ ಇಟ್ಟರೆ ಲೆನ್ಸಿಗೆ ಫಂಗಸ್ ಖಚಿತ.

ಅಟ್ಟದಲ್ಲಿ ಅಜ್ಜನ ಕಾಲದ ಫ್ಲ್ಯಾಶ್ ಸಿಕ್ಕಿತು ಅಂತ ಹೊಸ ಕ್ಯಾಮೆರಾಕ್ಕೆ ಕೂರಿಸಲು ಹೋಗಬೇಡಿ. ಹಳೆಯ ಕೆಲವು ಫ್ಲ್ಯಾಶ್‌ಗಳ ಟ್ರಿಗರ್ ವೋಲ್ಟೇಜ್ 200 ದಾಟುತ್ತದೆ. ಈಗಿನ ಕ್ಯಾಮೆರಾ ಸುಟ್ಟುಹೋಗಬಹುದು. ಹೊಸ ಫ್ಲ್ಯಾಶ್ ಕೊಳ್ಳುವವರು ತಮ್ಮ ಕ್ಯಾಮೆರಾದ ಹಾಟ್ ಶೂ ನಡುವೆ ದೊಡ್ಡ ಲೋಹದ ಚುಕ್ಕೆ ಇದೆಯಾ ನೋಡಿ. ಕೆಲವು ಕಡಿಮೆ ಬೆಲೆಯ ಬಾಡಿಗಳಲ್ಲಿ ಅದೇ ಇರುವುದಿಲ್ಲ. ಬರೀ ಮ್ಯಾನುಯಲ್ ಫ್ಲ್ಯಾಶ್ ಅದರಲ್ಲಿ ಹೊಡೆಯುವುದೇ ಇಲ್ಲ.


ಕಾಳಿ ದಂಡೆ (ಕಾರವಾರ)

ಮದುವೆ ಮುಗಿಯಿತು. ಮೂರು ದಿನ ನಿದ್ದೆ ಇಲ್ಲದೆ ಈಗ ಬರೆಯುತ್ತಿದ್ದೇನೆ.

ಚಪ್ಪರದ ಬಟ್ಟೆ ಕುಮಟಾದ ಅಕ್ಕ ಹೇಳಿದ ಹಾಗೇ ಕೆಂಪು. ಹೋಮದ ಹೊತ್ತು ಫ್ಲ್ಯಾಶ್ ಆರಿಸಿದೆ. ಗುಂಪು ಫೋಟೋಗೆ ಹಿಂದೆ ಸರಿದೆ, ಹಿಂದಿನ ಸಾಲಿನ ಭಾವಂದಿರು ಎಲ್ಲರೂ ಕಾಣುತ್ತಾರೆ. ಎರಡು ಸಲ ಟಿಟಿಎಲ್ ಭಟ್ಟರ ಶಲ್ಯ ನೋಡಿ ಮೋಸ ಹೋಯಿತು, ಪ್ಲಸ್ 1 ಹಾಕಿ ಸರಿಮಾಡಿದೆ. ಸುಮಾರು ನೂರು ಫೋಟೋ ಕೆಟ್ಟಿವೆ, ಅದನ್ನೂ ಹೇಳಬೇಕು. ಮಕ್ಕಳು ಓಡುವಾಗ 1/60ರಲ್ಲಿ ಅಲುಗಿವೆ.

ರಾತ್ರಿ ಊಟ ಆದ ಮೇಲೆ ಅಜ್ಜಿ ಜಗಲಿಯ ಮೂಲೆಯಲ್ಲಿ ಕವಳ (ಎಲೆ ಅಡಿಕೆ) ಹಾಕುತ್ತಾ ಕೂತಿದ್ದರು. ತಮ್ಮಂದಿರಿಬ್ಬರು ಪಂಚೆ ಹಿಡಿದರು. ಐಎಸ್ಓ 800, 1/60, ಎಫ್ 4, ಫ್ಲ್ಯಾಶ್ 1/8. ಎಡಗಡೆಯಿಂದ ಬೆಳಕು. ಮಿಂಚು ಪಂಚೆ ಮೇಲೆ ಬಿದ್ದದ್ದರಿಂದ ಅಜ್ಜಿ ಕಣ್ಣು ಮುಚ್ಚಲಿಲ್ಲ. ಕೆನ್ನೆಯ ಸುಕ್ಕು ಒಂದೊಂದೂ ಕಾಣುತ್ತದೆ, ಹಣೆ ಮಿರುಗುವುದಿಲ್ಲ. ಮೂಗುತಿಯ ಕಲ್ಲಿನಲ್ಲಿ ಸಣ್ಣ ಬಿಳಿ ಚೌಕ ಕಾಣುತ್ತಿತ್ತು. ದೊಡ್ಡದು ಮಾಡಿ ನೋಡಿದೆ, ಅದು ಪಂಚೆ. ಹಿಂದೆ ಅಡಿಗೆಮನೆ ಬಾಗಿಲಲ್ಲಿ ಅತ್ತೆ ನಿಂತಿರುವುದೂ ಮಬ್ಬಾಗಿ ಬಂದಿದೆ. ಪ್ರಿಂಟ್ ಹಾಕಿಸಲು ಕೊಟ್ಟಿದ್ದೇನೆ.

ಮುಂದಿನ ಪ್ರಶ್ನೆ ಶಿರಸಿ ಅಣ್ಣನಿಗೆ. ಹೋಳಿ ಹಬ್ಬಕ್ಕೆ ಬೇಡರ ವೇಷ ನೋಡಲು ಬರಬೇಕು ಅಂತಿದ್ದೇನೆ. ರಾತ್ರಿ, ಕುಣಿತ, ಜನ. ಫ್ಲ್ಯಾಶ್ ತರಲಾ?


ಹಳೆ ಸ್ಟುಡಿಯೋ (ಶಿರಸಿ)

ಬಾ ತಮಾ. ಅಜ್ಜಿ ಫೋಟೋ ಒಂದು ಪ್ರತಿ ನನಗೂ ತೋರಿಸು.

ಎರಡು ವರ್ಷಕ್ಕೊಮ್ಮೆ ಬರುತ್ತದೆ ಅದು, ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ. ಬೆನ್ನಿಗೆ ನವಿಲುಗರಿ ಕಟ್ಟಿ, ಗುರಾಣಿ ಕತ್ತಿ ಹಿಡಿದು ತಮಟೆಗೆ ಕುಣಿಯುತ್ತಾನೆ ಬೇಡ. ನೇರ ಕಣ್ಣಿಗೆ ಹೊಡೆಯಬೇಡ, ಹೊನ್ನಾವರದವರ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಮೊದಲೇ ತಂಡದವರನ್ನು ಕೇಳು. ಒಪ್ಪಿದರೆ ಫ್ಲ್ಯಾಶನ್ನು 1/32ಕ್ಕೆ ಇಳಿಸಿ, ಕಿತ್ತಳೆ ಜೆಲ್ ಹಾಕಿ, ಪಕ್ಕದಿಂದ ಗರಿಗಳಿಗೆ ಬೀಳುವ ಹಾಗೆ ಹಿಡಿ.

ಶಟರ್ 1/15. ಕ್ಯಾಮೆರಾ ಮೆನುವಿನಲ್ಲಿ ರಿಯರ್ ಕರ್ಟನ್ ಅಂತ ಇದೆ, ಅದನ್ನು ಹಾಕು. ಸಾಮಾನ್ಯವಾಗಿ ಫ್ಲ್ಯಾಶ್ ಮೊದಲು ಹೊಡೆದು ಆಮೇಲೆ ಕುಣಿತದ ಗೆರೆ ಬೀಳುತ್ತದೆ. ಹಾಗಾದರೆ ಗೆರೆ ಅವನ ಮುಂದೆ ಓಡಿದ ಹಾಗೆ, ಅವನು ಹಿಂದಕ್ಕೆ ಹೋಗುತ್ತಿರುವ ಹಾಗೆ ಕಾಣುತ್ತದೆ. ರಿಯರ್‌ನಲ್ಲಿ ಮೊದಲು ಗೆರೆ, ಕೊನೆಗೆ ಮಿಂಚು. ಬೀದಿ ದೀಪದ ಬೆಳಕಲ್ಲಿ ಗರಿಯ ಗೆರೆಗಳು ಅವನ ಬೆನ್ನ ಹಿಂದೆ ಎಳೆದ ಹಾಗೆ ಬರುತ್ತವೆ, ಮುಖ ಸ್ಪಷ್ಟ ನಿಲ್ಲುತ್ತದೆ. ಹತ್ತಕ್ಕೆ ಒಂದು ಸಿಕ್ಕಿದರೆ ಹೆಚ್ಚು.

ಅಲ್ಲಿಯವರೆಗೆ ಮನೆ ಅಂಗಳದಲ್ಲಿ ಸಂಜೆ ಹೊತ್ತು ತಮ್ಮನನ್ನು ಸೈಕಲ್ ಹೊಡೆಯಲು ಹೇಳಿ ಇದೇ ಸೆಟ್ಟಿಂಗ್‌ನಲ್ಲಿ ಅಭ್ಯಾಸ ಮಾಡು. ಸೈಕಲ್ಲಿಗೆ ಒಂದು ಟಾರ್ಚ್ ಕಟ್ಟು, ಗೆರೆ ಯಾವ ಕಡೆ ಬಿತ್ತು ಅಂತ ಸ್ಪಷ್ಟ ಗೊತ್ತಾಗುತ್ತದೆ.